ದುಡ್ಡು ಒಂದೇ ಕಾರಣ ಅಲ್ಲ

ದುರಂತಗಳ ಮೇಲೆ ಸಿನಿಮಾ ಮಾಡುವುದು ಬರೀ ದುಡ್ಡಿಗಾಗಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ದುಡ್ಡಿನ ಆಸೆ ಇರುತ್ತದೆ, ನಿಜ. ಜನರಿಗೆ ಮೊದಲೇ ಗೊತ್ತಿರುವ ಕಥೆ, ಕುತೂಹಲವೂ ಜಾಸ್ತಿ. ಆದರೆ ಅಷ್ಟೇ ಅಂದರೆ ನಾನು ಒಪ್ಪುವುದಿಲ್ಲ.

ಟೈಟಾನಿಕ್ ಮುಳುಗಿದ್ದು 1912ರ ಏಪ್ರಿಲ್‌ನಲ್ಲಿ. ಮುಂದಿನ ತಿಂಗಳೇ ಅದರ ಮೇಲೊಂದು ಮೂಕಿ ಚಿತ್ರ ತೆರೆಗೆ ಬಂತು! ಹಡಗಿನಿಂದ ಬದುಕಿ ಬಂದ ನಟಿ ಡೊರೊಥಿ ಗಿಬ್ಸನ್ ಅವರೇ ನಾಯಕಿ. ಆ ರಾತ್ರಿ ತೊಟ್ಟಿದ್ದ ಬಟ್ಟೆಯಲ್ಲೇ ನಟಿಸಿದರು. ಅಷ್ಟು ಅವಸರ ಯಾಕೆ ಬೇಕಿತ್ತು? ಇಂಥದ್ದಕ್ಕೆ ನಿಮ್ಮ ಮಾತು ಸರಿ.

ಅದೇ ಹಡಗಿನ ಬಗ್ಗೆ 1997ರಲ್ಲಿ ಬಂದ ಸಿನಿಮಾದಲ್ಲಿ, ಹಡಗಿನಲ್ಲಿ ನಿಜವಾಗಿಯೂ ಇದ್ದ ಅಧಿಕಾರಿ ವಿಲಿಯಂ ಮರ್ಡಾಕ್ ಪ್ರಯಾಣಿಕರಿಗೆ ಗುಂಡು ಹೊಡೆದು, ತಾನೂ ಹೊಡೆದುಕೊಂಡು ಸಾಯುತ್ತಾರೆ. ಹಾಗೆ ಮಾಡಿದ್ದು ಅವರೇ ಅನ್ನುವುದಕ್ಕೆ ಗಟ್ಟಿ ಪುರಾವೆ ಇರಲಿಲ್ಲ. ಸ್ಕಾಟ್ಲೆಂಡಿನ ಡಾಲ್ಬೀಟಿ ಅವರ ಹುಟ್ಟೂರು. ಅಲ್ಲಿಯವರು ತುಂಬಾ ನೊಂದುಕೊಂಡರು. 1998ರಲ್ಲಿ ಸ್ಟುಡಿಯೋದವರು ಆ ಊರಿಗೇ ಬಂದು ಕ್ಷಮೆ ಕೇಳಿ, ಶಾಲೆಗೆ 5,000 ಪೌಂಡ್ ಕೊಟ್ಟರು. ಸತ್ತವರು ಎದ್ದು ಬಂದು ಸುಳ್ಳು ಅನ್ನಲು ಆಗುವುದಿಲ್ಲ ಅಲ್ವಾ? ನನ್ನ ಸಿಟ್ಟು ಇರುವುದು ಇಲ್ಲಿ, ದುಡ್ಡಿನ ಮೇಲಲ್ಲ.

2001ರ ಸೆಪ್ಟೆಂಬರ್ 11ರಂದು ಅಪಹರಣಕಾರರನ್ನು ಪ್ರಯಾಣಿಕರೇ ಎದುರಿಸಿದ ವಿಮಾನದ ಕಥೆಯನ್ನು ನಿರ್ದೇಶಕ ಪಾಲ್ ಗ್ರೀನ್‌ಗ್ರಾಸ್ 2006ರಲ್ಲಿ ತೆರೆಗೆ ತಂದರು. ಸತ್ತವರ ಮನೆಯವರನ್ನು ಮಾತನಾಡಿಸಿಯೇ ಮಾಡಿದರು. ಹೆಸರಾಂತ ತಾರೆಯರನ್ನು ಹಾಕಿಕೊಳ್ಳಲಿಲ್ಲ. ಸುಮ್ನೆ ಕಾಸು ಮಾಡಲು ಹೊರಟವರು ಇಷ್ಟು ಕಷ್ಟ ಪಡುವುದಿಲ್ಲ. ಮುಂದಿನ ಲೇಖನದಲ್ಲಿ ಇಂಥ ನಿರ್ದೇಶಕರ ಬಗ್ಗೆಯೂ ದಯವಿಟ್ಟು ಬರೆಯಿರಿ.