ಹರಾಜಿನ ಬೀರುವಿಗೂ ಜಾತಕ ಬೇಕಂತೆ

ಕಳೆದ ತಿಂಗಳು ಒಂದು ಬೀರು ಕೊಂಡೆ. ನಮ್ಮ ಕಡೆಯ ಮನೆಗಳ ಕಬ್ಬಿಣದ ಬೀರು ಅಲ್ಲ. ಮಹಾಗನಿ ಮರದ್ದು, ಒಂದರ ಮೇಲೊಂದು ಕೂರಿಸಿದ ಎರಡು ಡ್ರಾಯರ್ ಪೆಟ್ಟಿಗೆಗಳು, ನನ್ನ ತಲೆಗಿಂತ ಒಂದು ಗೇಣು ಎತ್ತರ. ಇಂಗ್ಲೆಂಡಿನವರು ಇದನ್ನು ಟಾಲ್‌ಬಾಯ್ ಎನ್ನುತ್ತಾರೆ. ನಾವಿರುವ ಶ್ರಾಪ್‌ಶೈರ್‌ನ ಸಣ್ಣ ಪೇಟೆಯಲ್ಲಿ ಹದಿನೈದು ದಿನಕ್ಕೊಂದು ಬುಧವಾರ ಹರಾಜು ನಡೆಯುತ್ತದೆ. 120 ಪೌಂಡಿಗೆ ಸುತ್ತಿಗೆ ಬಿತ್ತು. ಅದರ ಮೇಲೆ ಮಳಿಗೆಯ ಕಮಿಷನ್ ನೂರಕ್ಕೆ 25, ಅಂದರೆ 30 ಪೌಂಡ್. ಆ ಕಮಿಷನ್ನಿನ ಮೇಲೆ ತೆರಿಗೆ 6. ಒಟ್ಟು 156. ಅದೇ ವಾರ ಮಗಳ ಕೋಣೆಗೆಂದು ಮರದ ಪುಡಿಯನ್ನು ಅಂಟುಹಾಕಿ ಒತ್ತಿದ ಹಲಗೆಯ ಕಪಾಟೊಂದನ್ನು 180 ಪೌಂಡ್ ಕೊಟ್ಟು ತಂದಿದ್ದೆವು. ಅದರ ಸ್ಕ್ರೂಗಳನ್ನು ತಿರುಗಿಸುತ್ತ ಒಂದು ಭಾನುವಾರ ಕಳೆದೆ. ಇನ್ನೂರು ವರ್ಷ ಹಳೆಯದು ಅದಕ್ಕಿಂತ ಅಗ್ಗ. ನಾನು ಬಹಳ ಜಾಣನೆಂದು ಬೀಗುತ್ತ ವ್ಯಾನ್ ತಂದೆ.

ವ್ಯಾನಿಗೆ ಏರಿಸಿ ಹಗ್ಗ ಬಿಗಿಯುವಾಗ ಮಳಿಗೆಯ ಮುದುಕ ಕೆಲಸಗಾರ “ಒಳ್ಳೆಯ ಮದುವೆ ಬಿಡಿ, ಬಾಳಿಕೆ ಬರುತ್ತದೆ” ಎಂದ. ನನ್ನ ಮದುವೆಯ ಸುದ್ದಿ ಇವನಿಗೇಕೆ ಎಂದು ಒಂದು ಕ್ಷಣ ಪೆಚ್ಚಾದೆ. ಆಮೇಲೆ ತಿಳಿಯಿತು. ಹಳೆಯ ಪೀಠೋಪಕರಣಗಳ ವ್ಯಾಪಾರದಲ್ಲಿ ಮದುವೆ ಎಂದರೆ ಬೇರೆ ಬೇರೆ ಮನೆಗಳಿಂದ ಬಂದ ಎರಡು ಭಾಗಗಳನ್ನು ಒಂದರ ಮೇಲೊಂದು ಕೂರಿಸಿ ಒಂದು ವಸ್ತು ಮಾಡುವುದು. ಹಾಗಾದರೆ ಕ್ಯಾಟಲಾಗಿನಲ್ಲಿ ಅದನ್ನು ಹೇಳಬೇಡವೇ? ಹೇಳಿದ್ದರು. ವಿವರದ ಕೊನೆಯಲ್ಲಿ ‘ಅಸೋಸಿಯೇಟೆಡ್’ ಎಂಬ ಒಂದೇ ಒಂದು ಪದವಿತ್ತು. ನಾನು ಅದನ್ನು ಸಂಬಂಧಪಟ್ಟದ್ದು ಎಂದು ಓದಿಕೊಂಡಿದ್ದೆ. ಹರಾಜಿನವರ ಭಾಷೆಯಲ್ಲಿ ಅದರ ಅರ್ಥ, ಎರಡಕ್ಕೂ ಹುಟ್ಟಿನಿಂದ ಯಾವ ಸಂಬಂಧವೂ ಇಲ್ಲ ಎಂದು! ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದರು ನಮ್ಮ ಹಿರಿಯರು. ಇವರು ಒಂದೇ ಪದದಲ್ಲಿ, ಅದೂ ಸುಳ್ಳಲ್ಲದ ಪದದಲ್ಲಿ, ಕನ್ಯಾದಾನ ಮುಗಿಸಿದ್ದರು.

ತಪ್ಪು ನನ್ನದೇ. ಆದರೆ ಅಂದಿನಿಂದ ಈ ಕ್ಯಾಟಲಾಗುಗಳನ್ನು ಜಾತಕ ಓದುವ ಹಾಗೆ ಓದುವ ಚಟ ಹತ್ತಿದೆ. ಓದಿದಷ್ಟೂ ಒಂದು ಅಭಿಪ್ರಾಯ ಗಟ್ಟಿಯಾಗುತ್ತಿದೆ: ಹರಾಜಿನಲ್ಲಿ ಜನ ದುಡ್ಡು ಕೊಡುವುದು ಜಾತಕಕ್ಕೆ, ಅಂದರೆ ಯಾರು ಮಾಡಿದ್ದು, ಯಾರ ಮನೆಯದು ಎಂಬ ವಿವರಕ್ಕೆ. ಮರ ಪುಕ್ಕಟೆ.

ಈ ಜಾತಕದ ಭಾಷೆ ಬಲು ನಾಜೂಕು. ‘ಮೂರನೆಯ ಜಾರ್ಜ್ ಮಹಾಗನಿ ಮೇಜು’ ಎಂದಿದ್ದರೆ ಆ ದೊರೆಯ ಆಳ್ವಿಕೆಯಲ್ಲಿ, ಅಂದರೆ 1760ರಿಂದ 1820ರ ನಡುವೆ, ಮಾಡಿದ್ದು ಎಂದು ಮಳಿಗೆಯ ನಂಬಿಕೆ. ‘ಮೂರನೆಯ ಜಾರ್ಜ್ ಶೈಲಿಯ’ ಎಂದು ಒಂದು ಪದ ಸೇರಿತೋ, ಅದು ನಮ್ಮ ತಾತನ ಕಾಲದ್ದೂ ಆಗಿರಬಹುದು, ಮೊನ್ನೆಯದೂ ಆಗಿರಬಹುದು. ಆ ಒಂದು ಪದಕ್ಕೆ ಬೆಲೆಯಲ್ಲಿ ಒಂದು ಸೊನ್ನೆ ಉದುರುತ್ತದೆ. ‘ಹಳೆಯ ದುರಸ್ತಿಗಳಿವೆ’ ಎಂದರೆ ಒಂದು ಕಾಲು ಹೊಸದು ಎಂದು ತಿಳಿಯುವುದು ಕ್ಷೇಮ.

ಚಿಪ್ಪೆಂಡೇಲ್ ಎಂಬ ಹೆಸರನ್ನೇ ನೋಡಿ. ಥಾಮಸ್ ಚಿಪ್ಪೆಂಡೇಲ್ ಯಾರ್ಕ್‌ಶೈರ್‌ನ ಓಟ್ಲಿ ಎಂಬ ಊರಿನವನು, 1718ರಲ್ಲಿ ಹುಟ್ಟಿದವನು. ಲಂಡನ್ನಿಗೆ ಬಂದು ಸೇಂಟ್ ಮಾರ್ಟಿನ್ಸ್ ಲೇನಿನಲ್ಲಿ ಪೀಠೋಪಕರಣದ ಕಾರ್ಖಾನೆ ಇಟ್ಟ. 1754ರಲ್ಲಿ ತನ್ನ ಮಾದರಿಗಳನ್ನೆಲ್ಲ ಪುಸ್ತಕ ಮಾಡಿ ಅಚ್ಚು ಹಾಕಿಸಿದ. ಅಲ್ಲಿಗೆ ಮುಗಿಯಿತು, ಆ ಪುಸ್ತಕ ಕೈಗೆ ಸಿಕ್ಕ ಯಾವ ಊರಿನ ಬಡಗಿಯೂ ಚಿಪ್ಪೆಂಡೇಲ್ ಕುರ್ಚಿ ಮಾಡಬಹುದಾಯಿತು. ಅಮೆರಿಕದ ಫಿಲಡೆಲ್ಫಿಯದಲ್ಲೂ ಮಾಡಿದರು. ಅವನು ತನ್ನ ಸಾಮಾನಿನ ಮೇಲೆ ಮುದ್ರೆ ಒತ್ತುವವನಲ್ಲ. ಹಾಗಾಗಿ ಇದು ಅವನ ಕಾರ್ಖಾನೆಯದೇ ಎನ್ನಲು ಬೇಕಾದದ್ದು ಕೆತ್ತನೆಗಿಂತ ಹೆಚ್ಚಾಗಿ ಹಳೆಯ ರಸೀದಿ. ಹೇರ್‌ವುಡ್ ಹೌಸ್, ನಾಸ್ಟೆಲ್ ಪ್ರಯರಿಯಂತಹ ದೊಡ್ಡ ಮನೆಗಳಲ್ಲಿ ಆ ಲೆಕ್ಕಪತ್ರಗಳು ಉಳಿದುಕೊಂಡಿವೆ. ಅದೇ ಅಂದದ, ಅದೇ ಕಾಲದ, ಕಾಗದವಿಲ್ಲದ ಕುರ್ಚಿ ನಮ್ಮ ಪೇಟೆಯ ಹರಾಜಿನಲ್ಲಿ ನಲವತ್ತು ಪೌಂಡಿಗೆ ಹೋಗಿದ್ದನ್ನು ಈ ಕಣ್ಣಿಂದ ನೋಡಿದ್ದೇನೆ. 2010ರಲ್ಲಿ ಲಂಡನ್ನಿನ ಸಾಥ್‌ಬೀಸ್ ಹರಾಜಿನಲ್ಲಿ ಅವನದೆಂದು ನಂಬಿದ ಒಂದು ಕಮೋಡ್ ಸುಮಾರು 38 ಲಕ್ಷ ಪೌಂಡಿಗೆ ಹೋಯಿತು. ನಗಬೇಡಿ. ಈ ಲೋಕದಲ್ಲಿ ಕಮೋಡ್ ಎಂದರೆ ದಿವಾನಖಾನೆಯಲ್ಲಿಡುವ ಅಲಂಕಾರದ ಡ್ರಾಯರ್ ಪೆಟ್ಟಿಗೆ. ನಾನೂ ಮೊದಲ ಸಲ ಓದಿದಾಗ ನಕ್ಕಿದ್ದೆ.

ಜಾತಕ ಜೋರಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಬ್ಯಾಡ್ಮಿಂಟನ್ ಕ್ಯಾಬಿನೆಟ್ ಸಾಕು. ಇದು ಆಟದ ಬ್ಯಾಡ್ಮಿಂಟನ್ ಅಲ್ಲ, ಬ್ಯೂಫರ್ಟ್ ಡ್ಯೂಕರ ಮನೆಯ ಹೆಸರು. ಮೂರನೆಯ ಡ್ಯೂಕ್ ಹೆನ್ರಿ ಸಾಮರ್‌ಸೆಟ್ 1726ರಲ್ಲಿ, ಇನ್ನೂ ಹತ್ತೊಂಬತ್ತರ ಹುಡುಗ, ಇಟಲಿಯ ಫ್ಲಾರೆನ್ಸ್‌ನಲ್ಲಿ ಇದನ್ನು ಮಾಡಲು ಹೇಳಿ ಬಂದ. ಕರಿಮರದ ಮೇಲೆ ಬಣ್ಣಬಣ್ಣದ ಕಲ್ಲುಗಳನ್ನು ಕತ್ತರಿಸಿ ಕೂರಿಸಿ ಹೂವು, ಹಕ್ಕಿ. ಎತ್ತರ ಹೆಚ್ಚುಕಡಿಮೆ 13 ಅಡಿ. ಸುಮಾರು ಮೂವತ್ತು ಕುಶಲಕರ್ಮಿಗಳು ಆರು ವರ್ಷ ದುಡಿದರಂತೆ. ಕ್ರಿಸ್ಟೀಸ್ ಹರಾಜಿನಲ್ಲಿ 1990ರಲ್ಲಿ 85 ಲಕ್ಷ ಪೌಂಡ್ ದಾಟಿತು. 2004ರಲ್ಲಿ ಮತ್ತೆ ಹರಾಜಿಗೆ ಬಂದು 1.9 ಕೋಟಿ ಪೌಂಡ್ ಆಯಿತು. ಲಿಕ್ಟನ್‌ಸ್ಟೈನ್ ರಾಜಮನೆತನ ಕೊಂಡು ವಿಯೆನ್ನಾಕ್ಕೆ ಒಯ್ದಿತು. ಅದರ ಕೆಲಸಗಾರಿಕೆಗೆ ಕೈ ಮುಗಿಯುತ್ತೇನೆ. ಆದರೆ ಚಿತ್ರ ನೋಡುವಾಗಲೆಲ್ಲ ನನಗೆ ಹುಟ್ಟುವ ಪ್ರಶ್ನೆ, ಆ ಹುಡುಗ ಅದರೊಳಗೆ ಏನಿಡುತ್ತಿದ್ದ?

ಬೆಲೆ ಜಾತಕದಲ್ಲಿದೆ ಎಂದಾದರೆ ಸುಳ್ಳು ಜಾತಕ ಬರೆಯುವವರೂ ಹುಟ್ಟಲೇಬೇಕಲ್ಲ. ಫ್ರಾನ್ಸಿನ ಕ್ರಾಂತಿಯಲ್ಲಿ, 1793ರ ಆಗಸ್ಟಿನಿಂದ ಹೆಚ್ಚುಕಡಿಮೆ ಒಂದು ವರ್ಷ, ವರ್ಸೈ ಅರಮನೆಯ ಸಾಮಾನುಗಳನ್ನು ಹರಾಜು ಹಾಕಿದರು. 17,000ಕ್ಕೂ ಹೆಚ್ಚು ಲಾಟುಗಳು. ರಾಣಿಯ ಕುರ್ಚಿಗಳು ಯಾರ್ಯಾರದೋ ಮನೆ ಸೇರಿ ಚೆಲ್ಲಾಪಿಲ್ಲಿಯಾದವು. ಅರಮನೆಯ ಹಳೆಯ ಪಟ್ಟಿಯಲ್ಲಿ ಹೆಸರಿದೆ, ಕುರ್ಚಿ ಇಲ್ಲ. ಈ ಖಾಲಿ ಜಾಗವೇ ಬಂಡವಾಳ. ಪ್ಯಾರಿಸ್ಸಿನ ಒಬ್ಬ ದೊಡ್ಡ ಪರಿಣತ, 18ನೆಯ ಶತಮಾನದ ಫ್ರೆಂಚ್ ಕುರ್ಚಿಗಳ ಮೇಲೆ ಗ್ರಂಥ ಬರೆದವನು, ಒಬ್ಬ ನಿಪುಣ ಬಡಗಿಯ ಜೊತೆ ಸೇರಿ ಆ ಕಳೆದುಹೋದ ಕುರ್ಚಿಗಳನ್ನು ‘ಹುಡುಕಿಕೊಟ್ಟ’. ವರ್ಸೈ ಅರಮನೆಯೇ ಕೊಂಡಿತು. ಕೆಲವನ್ನು ರಾಷ್ಟ್ರೀಯ ಸಂಪತ್ತು ಎಂದು ಸರ್ಕಾರವೇ ಘೋಷಿಸಿತು. 2025ರ ಜೂನಿನಲ್ಲಿ ಇಬ್ಬರಿಗೂ ಶಿಕ್ಷೆಯಾಯಿತು. ಇದರಲ್ಲಿ ನನಗೆ ತುಂಬ ಹಿಡಿಸಿದ ಪಾತ್ರ ಆ ಪರಿಣತನ ಹಳೆಯ ಶಿಷ್ಯ. ಅವನಿಗೆ ಅನುಮಾನ ಬಂದು ಕುರ್ಚಿಯನ್ನು ನೆಕ್ಕಿ ನೋಡಿದ. ಹೊಸ ಮರ ಹಳತಾಗಿ ಕಾಣಲೆಂದು ಬಡಗಿ ಜ್ಯೇಷ್ಠಮಧುವಿನ ರಸ ಬಳಿಯುತ್ತಾನೆಂಬುದು ಅವನಿಗೆ ಗೊತ್ತಿತ್ತು. ನಾಲಿಗೆಗೆ ಸಿಹಿ ಹತ್ತಿತು. ಕೆಮ್ಮಿಗೆ ಅಜ್ಜಿ ಬಾಯಿಗೆ ತುರುಕುತ್ತಿದ್ದ ಕಡ್ಡಿ ಫ್ರಾನ್ಸಿನ ಅರಮನೆಯ ಕುರ್ಚಿಯ ಬಣ್ಣ ಬಯಲು ಮಾಡಿತಲ್ಲ! ಅಷ್ಟು ಮಂದಿ ಪಂಡಿತರು ಕಾಗದ ಓದುತ್ತಿದ್ದಾಗ ಒಬ್ಬ ಮಾತ್ರ ಮರಕ್ಕೆ ನಾಲಿಗೆ ಹಚ್ಚಿದ್ದ.

ಇತ್ತ ಜಾತಕವಿಲ್ಲದ ಸಾಮಾನಿನ ಗತಿ ನೋಡಿ. ಕಂದು ಪೀಠೋಪಕರಣ ಎಂದು ಈಗ ಅದಕ್ಕೊಂದು ತಾತ್ಸಾರದ ಹೆಸರು. 1990ರ ದಶಕದಲ್ಲಿ ಇವೇ ಮೇಜು, ಬೀರುಗಳಿಗೆ ಜನ ಕಾದಾಡುತ್ತಿದ್ದರಂತೆ. ಈ ಶತಮಾನದ ಮೊದಲ ವರ್ಷಗಳಿಂದ ಬೆಲೆ ಇಳಿಯುತ್ತಲೇ ಬಂತು. ಮನೆಗಳು ಚಿಕ್ಕವಾದವು, ಊಟದ ಕೋಣೆ ಎಂಬುದೇ ಮಾಯವಾಯಿತು, ಏಳಡಿಯ ಬೀರು ಈಗಿನ ಮೆಟ್ಟಿಲಿನ ತಿರುವಿನಲ್ಲಿ ತಿರುಗುವುದಿಲ್ಲ. ಐಕಿಯಾ 1987ರಲ್ಲಿ ವಾರಿಂಗ್ಟನ್ನಿನಲ್ಲಿ ಬ್ರಿಟನ್ನಿನ ಮೊದಲ ಅಂಗಡಿ ತೆರೆದು, ಒಂಬತ್ತು ವರ್ಷದ ಬಳಿಕ ಅಜ್ಜಿ ಕಾಲದ ಹೂವಿನ ಬಟ್ಟೆಗಳನ್ನೆಲ್ಲ ಆಚೆ ಎಸೆಯಿರಿ ಎಂದು ಜಾಹೀರಾತು ಕೊಟ್ಟಿತು. ಎಸೆದರು. ಈಗ ಅಜ್ಜಿ ತೀರಿಕೊಂಡ ಮನೆಯನ್ನು ಖಾಲಿ ಮಾಡಿಸಲು ಮೊಮ್ಮಕ್ಕಳು ವ್ಯಾನಿನವನಿಗೇ ದುಡ್ಡು ಕೊಡುತ್ತಾರೆ. ನನ್ನಂತಹ ಸಾಗರದ ಹುಡುಗನ ಮನೆಗೆ ಟಾಲ್‌ಬಾಯ್ ಬಂದದ್ದು ಹಾಗೆ.

ಜಾತಕದಲ್ಲಿ ಹುಟ್ಟಿದ ಗಳಿಗೆಯನ್ನು ಮೊದಲು ಬರೆಯುತ್ತಾರೆ. ಕ್ಯಾಟಲಾಗಿನಲ್ಲಿ ಮರದ ಹುಟ್ಟೇ ಇಲ್ಲ. ಮೊದಲ ಒಡೆಯನಿಂದ ಶುರು. ಮರ ಎಲ್ಲಿಯದು ಎಂಬುದು ಒಂದು ಪದದಲ್ಲಿ ಮುಗಿಯುತ್ತದೆ: ಮಹಾಗನಿ. ಇಂಗ್ಲೆಂಡಿನಲ್ಲಿ ಮಹಾಗನಿ ಬೆಳೆಯುವುದಿಲ್ಲ. 1721ರಲ್ಲಿ ತನ್ನ ವಸಾಹತುಗಳಿಂದ ಬರುವ ಮರದ ಮೇಲಿನ ಸುಂಕವನ್ನು ಬ್ರಿಟನ್ ತೆಗೆದುಹಾಕಿದ ಮೇಲೆ ಜಮೈಕಾದಿಂದ ದಿಮ್ಮಿಗಳು ಹಡಗೇರಿದವು. ಅಲ್ಲಿ ಕಡಿದು ಮುಗಿದಂತೆ ಹೊಂಡುರಾಸ್ ಕೊಲ್ಲಿಯ ಕಡೆಗೆ ಹೊರಳಿದರು. ಕಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಮತ್ತು ಅವರ ಮಕ್ಕಳು. ದಟ್ಟ ಕಾಡಿನಲ್ಲಿ ಎತ್ತರದ ಮರವನ್ನೇರಿ, ಎಲೆಯ ಬಣ್ಣದಿಂದ ಮಹಾಗನಿಯನ್ನು ಗುರುತಿಸುವುದಕ್ಕೇ ಒಬ್ಬ ನುರಿತ ಆಳು ಇರುತ್ತಿದ್ದ. ಆ ಕೊಲ್ಲಿಯ ದಡದ ಇಂದಿನ ಬೆಲೀಜ್ ದೇಶದ ಧ್ವಜದಲ್ಲಿ ಮಹಾಗನಿ ಮರವೂ ಇದೆ, ಕೊಡಲಿ ಹಿಡಿದವನೂ ಇದ್ದಾನೆ. ಹರಾಜಿನ ಕ್ಯಾಟಲಾಗಿನಲ್ಲಿ ಅವನಿಲ್ಲ. (ನಮ್ಮೂರ ಅಡಿಕೆ ತೋಟಗಳ ಅಂಚಿನಲ್ಲಿ ಈಗ ಮಹಾಗನಿ ಸಸಿ ನೆಡುವ ಹುಚ್ಚು ಹತ್ತಿದೆ. ಇದು ಬೇರೆಯೇ ಕಥೆ, ಇನ್ನೊಮ್ಮೆ ಬರೆಯುತ್ತೇನೆ.)

ನಮ್ಮದೂ ಒಂದು ಪೀಠ ಈ ಜಾತಕಗಳ ಪುಟ ಸೇರಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಸಿಂಹಾಸನವನ್ನು ತುಂಡು ಮಾಡಿ ಹಂಚಿಕೊಂಡರು. ಅದರ ಚಿನ್ನದ ಪುಟ್ಟ ಹುಲಿತಲೆಯೊಂದು 2009ರಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ 3,89,600 ಪೌಂಡಿಗೆ ಹೋಯಿತು. ಸಿಂಹಾಸನ ಇಡಿಯಾಗಿ ಉಳಿದಿದ್ದರೆ ಅದು ಪೀಠೋಪಕರಣ. ತುಂಡಾದದ್ದರಿಂದ ಮನೆಮನೆಯ ಆಸ್ತಿ, ವಂಶಪಾರಂಪರ್ಯ!

ಇಷ್ಟೆಲ್ಲ ಓದಿಕೊಂಡ ಮೇಲೆ ಹರಾಜಿನ ಹಿಂದಿನ ದಿನ ಸಾಮಾನು ನೋಡಲು ಬಿಡುವಾಗ ನಾನು ಕ್ಯಾಟಲಾಗನ್ನು ಕಾರಿನಲ್ಲೇ ಬಿಟ್ಟು ಟಾರ್ಚ್ ಮತ್ತು ಅಳತೆಯ ಟೇಪು ಹಿಡಿದು ಹೋಗುತ್ತೇನೆ. ದುಂಡು ಮೇಜನ್ನು ಎರಡು ಕಡೆಯಿಂದ ಅಳೆಯುತ್ತೇನೆ. ಮರ ನಾರಿನ ಉದ್ದಕ್ಕೆ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಹಾಗಾಗಿ ಇನ್ನೂರು ವರ್ಷದ ದುಂಡು ಮೇಜು ಚೂರು ಮೊಟ್ಟೆಯಾಕಾರಕ್ಕೆ ತಿರುಗಿರಬೇಕು. ಲೆಕ್ಕಕ್ಕೆ ಸರಿಯಾಗಿ ದುಂಡಗಿದ್ದರೆ ನನಗೆ ಸಂಶಯ. ಒಂದು ಸ್ಕ್ರೂ ಬಿಚ್ಚಲು ಬಿಟ್ಟರೆ ತುದಿ ನೋಡುತ್ತೇನೆ. ಕೈಯಿಂದ ಮಾಡಿದ ಹಳೆಯ ಸ್ಕ್ರೂಗೆ ತುದಿ ಮೊಂಡು. ಚೂಪು ತುದಿಯದು ಬಂದದ್ದು 19ನೆಯ ಶತಮಾನದ ನಡುವಿನಲ್ಲಿ. ಕೆಳಗೆ ಹಿಟ್ಟು ಉದುರಿದ್ದರೆ ಕುಟ್ಟೆ ಹುಳು ಇನ್ನೂ ಒಳಗೇ ಸಂಸಾರ ಮಾಡುತ್ತಿದೆ ಎಂದು ಗೊತ್ತು, ಮುಂದೆ ಹೋಗುತ್ತೇನೆ.

ಆದರೆ ಬೀರು ಕೊಂಡ ದಿನ ಇದ್ಯಾವುದೂ ಗೊತ್ತಿರಲಿಲ್ಲ. ಮೇಲಿನ ಪೆಟ್ಟಿಗೆಯ ಒಂದು ಡ್ರಾಯರ್ ಎಳೆದೆ, ಮೂಲೆಯಲ್ಲಿ ಬೆರಳಿಗೆ ಬೆರಳು ಹೆಣೆದಂತೆ ಕೂಡಿಸಿದ ಹಲ್ಲುಗಳು ಸಣ್ಣಗೆ, ಅಚ್ಚುಕಟ್ಟಾಗಿದ್ದವು, ಮರುಳಾದೆ. ಕೆಳಗಿನದನ್ನು ಎಳೆಯಲೇ ಇಲ್ಲ.

ಎಳೆದದ್ದು ಅಮ್ಮ. ಬೇಸಿಗೆಗೆಂದು ಸಾಗರದಿಂದ ಬಂದವರು, ಸೀರೆ ಇಡಲು ಹೋಗಿ ಕೆಳಗಿನ ಡ್ರಾಯರನ್ನು ಪೂರ್ತಿ ಹೊರಗೆ ತೆಗೆದು ಮಡಿಲ ಮೇಲಿಟ್ಟುಕೊಂಡು ಕುಳಿತಿದ್ದರು. ನಮ್ಮ ಮನೆಗೆ ಬರುತ್ತಿದ್ದ ಆಚಾರರು ಹತ್ತರಿ ಹೊಡೆಯುವುದನ್ನು ನೋಡಿಕೊಂಡೇ ಬೆಳೆದವರು ಅವರು. “ಮೇಲಿನದು ಮಾಡಿದವನ ಕೈ ಬೇರೆ, ಇದರದು ಬೇರೆ. ಹಲ್ಲು ನೋಡು, ದಪ್ಪ ದಪ್ಪ. ಇಷ್ಟೂ ಕಾಣಲಿಲ್ಲವೇನೋ ನಿನಗೆ?” ಎಂದರು. ನನಗೆ ತಿಳಿಯಲು ಆ ಮುದುಕ ಕೆಲಸಗಾರ ಬೇಕಾಗಿದ್ದ. ಅಮ್ಮನಿಗೆ ಒಂದು ನಿಮಿಷ ಸಾಕಾಯಿತು.

ಆಮೇಲೆ ಡ್ರಾಯರನ್ನು ಮಗುಚಿ ಹಿಂಬದಿಯನ್ನು ಬೆಳಕಿಗೆ ಹಿಡಿದರು. ಯಾವನೋ ಬಡಗಿ ಸೀಸದ ಕಡ್ಡಿಯಲ್ಲಿ ಬರೆದ ಅಂಕಿ, ಮಾಸಿದ್ದರೂ ಓದಲು ಬರುವಂತಿತ್ತು: 4. ಅದರ ಮೇಲಿನದರಲ್ಲಿ 3. ಅದಕ್ಕೂ ಮೇಲಿನದರಲ್ಲಿ 2. ಕೆಳಗಿನ ಪೆಟ್ಟಿಗೆಯಲ್ಲಿ ಇರುವುದೇ ಮೂರು ಡ್ರಾಯರ್. ಮೇಲಿನ ಪೆಟ್ಟಿಗೆಯ ಅಷ್ಟನ್ನೂ ಎಳೆದು ನೋಡಿದೆವು, ಒಂದರ ಮೇಲೂ ಅಂಕಿಯಿಲ್ಲ.

“ಒಂದನೆಯದು ಎಲ್ಲಿ ಹೋಯಿತೋ?” ಎಂದರು ಅಮ್ಮ.

ಯಾವಾಗಲೋ ಯಾರೋ ಮೇಲಿನ ಸಾಲನ್ನು ಗರಗಸದಲ್ಲಿ ಕೊಯ್ದು ಇದನ್ನು ಗಿಡ್ಡ ಮಾಡಿ ಮದುವೆಗೆ ಒಪ್ಪಿಸಿದ್ದಾರೆ ಎಂದೆ. ಅವರು ಕೇಳಿಸಿಕೊಳ್ಳುತ್ತಿರಲಿಲ್ಲ. ದೇವರ ಗೂಡಿನಿಂದ ಒಂದು ತುಂಡು ಮೇಣದಬತ್ತಿ ತಂದು ಡ್ರಾಯರಿನ ಎರಡೂ ಅಂಚಿಗೆ ತಿಕ್ಕಿದರು. ಒಳಗೆ ತಳ್ಳಿದರೆ ಸದ್ದಿಲ್ಲದೆ ಹೋಯಿತು.