ಬೀಳುವ ಮುನ್ನ ನೋಡಿ ಬನ್ನಿ

ಬಂದ ಅತಿಥಿಯನ್ನು ಸತ್ಕರಿಸುವುದರಲ್ಲಿ ಮೈಸೂರಿನ ಪೇಟೆ ಎಂದೂ ಹಿಂದೆ ಬಿದ್ದಿಲ್ಲ. ವೈಸರಾಯ್ ಡಫರಿನ್ 1886ರಲ್ಲಿ ಬಂದುಹೋದ ನೆನಪಿಗೆ ದೇವರಾಜ ಮಾರುಕಟ್ಟೆಯ ಮುಂದೆ ಒಂದು ಗಡಿಯಾರ ಗೋಪುರವೇ ಎದ್ದಿತು. ಆರು ವರ್ಷಗಳ ತರುವಾಯ ಲ್ಯಾನ್ಸ್‌ಡೌನ್ ಬಂದಾಗ ಉದ್ದನೆಯ ಅಂಗಡಿ ಸಾಲೊಂದು ಅವರ ಹೆಸರನ್ನು ಹೊತ್ತಿತು. ಮೊದಲನೆಯವರ ಹೆಸರು ನಮ್ಮ ನಾಲಿಗೆಗೆ ಒಗ್ಗದೆ ಗೋಪುರವು ಚಿಕ್ಕ ಗಡಿಯಾರವಾಗಿ ಬದುಕಿಕೊಂಡಿತು. ಎರಡನೆಯವರ ಹೆಸರು ಉಳಿಯಿತು, ಕಟ್ಟಡಕ್ಕೆ ಮಾತ್ರ ಆ ಭಾಗ್ಯವಿರಲಿಲ್ಲ.

2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಆ ಸಾವುಗಳನ್ನು ಕುರಿತು ನಗುವ ಮನಸ್ಸು ನನಗಿಲ್ಲ. ನಗು ಬರುವುದು ಆಮೇಲೆ ನಡೆದುಕೊಂಡು ಬಂದ ಬಗೆಗೆ. ನಾಲ್ಕು ವರ್ಷ ಕಳೆದು, ಮತ್ತೆ ಆಗಸ್ಟ್ ತಿಂಗಳಿನಲ್ಲಿಯೇ, ದುರಸ್ತಿ ನಡೆಯುತ್ತಿದ್ದ ದೇವರಾಜ ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲ ಭಾಗವೂ ನೆಲ ಕಂಡಿತು. ಅಂದಿನಿಂದ ಈ ಎರಡು ಕಟ್ಟಡಗಳನ್ನು ಕೆಡವಿ ಹಳೆಯ ರೂಪದಲ್ಲಿಯೇ ಹೊಸದಾಗಿ ಕಟ್ಟಬೇಕೆನ್ನುವವರು ಒಂದು ಕಡೆ, ಇದ್ದದ್ದನ್ನೇ ರಿಪೇರಿ ಮಾಡಿ ಉಳಿಸಿಕೊಳ್ಳಬೇಕೆನ್ನುವವರು ಇನ್ನೊಂದು ಕಡೆ ನಿಂತು, ಸಮಿತಿಗಳಾದವು, ವರದಿಗಳಾದವು, ಮೊಕದ್ದಮೆಯು ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿ ಬಂತು. ಈ ವರದಿಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಮಾಡಿನ ಕೆಳಗೆ ಊರೆಗೋಲಾಗಿ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಮಾಡು ಭದ್ರವಾಗಿರುತ್ತಿತ್ತು ಎಂದು ಕೆಲವು ಸಲ ಅನ್ನಿಸುವುದುಂಟು.

ಕಟ್ಟಡ ಬೀಳುವುದಕ್ಕೆ ದೊಡ್ಡ ರಹಸ್ಯವೇನೂ ಬೇಕಾಗಿಲ್ಲ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಯು ಮಳೆಗಾಲದಲ್ಲಿ ಹೀರಿದ ತೇವವನ್ನು ಬಿಸಿಲಿನಲ್ಲಿ ಹೊರಗೆ ಬಿಟ್ಟುಕೊಳ್ಳುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ನೀರು ಒಳಗೆ ನಿಂತು ಗಾರೆಯನ್ನು ಹಿಟ್ಟು ಮಾಡುತ್ತದೆ. ತಾರಸಿಯ ನೀರು ಹೋಗುವ ದೋಣಿಯಲ್ಲಿ ಕಸ ಕಟ್ಟಿಕೊಂಡರೆ ಉಳಿದ ಕೆಲಸವನ್ನು ಅದೇ ಮುಗಿಸುತ್ತದೆ. ಇಷ್ಟಾದ ಮೇಲೆ ಕೈಪಿಡಿ ಗೋಡೆಯ ಸಂದಿಯಲ್ಲಿ ಕಾಗೆ ತಂದು ಹಾಕಿದ ಬೀಜದಿಂದ ಅರಳಿ ಗಿಡವೊಂದು ಮೊಳೆಯುತ್ತದೆ. ಗೇಣುದ್ದವಿದ್ದಾಗ ಎರಡು ಬೆರಳಿನಲ್ಲಿ ಕಿತ್ತೆಸೆಯಬಹುದಾದ ಆ ಗಿಡವನ್ನು ಯಾರೂ ಮುಟ್ಟುವುದಿಲ್ಲ, ಅದು ದೇವರ ಗಿಡ. ಅದು ಬೇರು ಬಿಟ್ಟು ಇಟ್ಟಿಗೆಯನ್ನು ಸೀಳುವಷ್ಟು ಬಲಿತ ಮೇಲೆ ಕೀಳಲು ಬರುವುದಿಲ್ಲ, ಕಿತ್ತರೆ ಗೋಡೆಯೇ ಬರುತ್ತದೆ. ಆ ಹಂತದಲ್ಲಿ ನಾವು ತಜ್ಞರನ್ನು ಕರೆಸುತ್ತೇವೆ.

ಇದೆಲ್ಲ ಹಗಲಿನ ಮಾತಾಯಿತು. ದಸರಾ ಬಂದಾಗ ಇದೇ ಗೋಡೆಗಳ ಮುಂದೆ ದೀಪದ ಸರಗಳು ಬೀಳುತ್ತವೆ, ಬಿರುಕುಗಳು ಕತ್ತಲೆಗೆ ಸೇರಿಹೋಗುತ್ತವೆ, ನೋಡಲು ಬಂದವರು 'ಆಹಾ ಮೈಸೂರು' ಎನ್ನುತ್ತಾರೆ. ಅರಮನೆಗೆ ಸುಮಾರು ಒಂದು ಲಕ್ಷ ಬಲ್ಬುಗಳಿವೆ, ಭಾನುವಾರ ಸಂಜೆ ಅವು ಒಮ್ಮೆಲೇ ಹೊತ್ತಿಕೊಳ್ಳುವುದನ್ನು ನಾನೂ ಬಾಯಿ ಬಿಟ್ಟುಕೊಂಡು ನೋಡುವವನೇ. ಆದರೆ ಒಳಗೆ ಟೊಳ್ಳಾದ ಕಟ್ಟಡಕ್ಕೆ ಹೊರಗೆ ಬಲ್ಬು ತೂಗುಹಾಕುವುದೆಂದರೆ ಮಂಚ ಹಿಡಿದ ರೋಗಿಗೆ ಮೈಸೂರು ಪೇಟ ಸುತ್ತಿದಂತೆ. ವಿಜಯದಶಮಿಯ ದಿನ 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊತ್ತ ಆನೆ ಸಯ್ಯಾಜಿರಾವ್ ರಸ್ತೆಯಲ್ಲಿ ಇದೇ ಮಾರುಕಟ್ಟೆಯ ಮುಂದೆ ಹಾದುಹೋಗುವಾಗ, ಶಿಥಿಲ ಕಟ್ಟಡಗಳ ಮೇಲೆ ಯಾರೂ ಹತ್ತಬಾರದೆಂದು ಎಚ್ಚರಿಕೆ ಕೊಡುತ್ತಾರೆ. ಅದರ ಅಡಿಯಲ್ಲಿ ನಿಂತು ನೋಡುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇಲ್ಲ.

ಪೇಟೆಯ ನಡುವೆ ಪ್ರವಾಸಿಗರಿಗೆ ಈಗ ಬೇಕಾಗಿರುವುದು ಸೆಲ್ಫಿ ಪಾಯಿಂಟ್ ಎಂದು ಬಲ್ಲವರು ಹೇಳುತ್ತಾರೆ. ಆಳೆತ್ತರದ ಇಂಗ್ಲಿಷ್ ಅಕ್ಷರಗಳ ನಡುವೆ ಒಂದು ಕೆಂಪು ಹೃದಯವಿದ್ದರೆ ಊರಿನ ಮೇಲಿನ ಪ್ರೀತಿ ಸಾಬೀತಾಗುತ್ತದಂತೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತ ಮಹೋತ್ಸವಕ್ಕೆಂದು 1927ರಲ್ಲಿ ಎದ್ದ 75 ಅಡಿಯ ದೊಡ್ಡ ಗಡಿಯಾರದ ಮುಖದ ಮೇಲೆ ಕನ್ನಡದ ಅಂಕಿಗಳಿವೆ. ಅದನ್ನು ಹಿನ್ನೆಲೆಯಲ್ಲಿಟ್ಟುಕೊಂಡು ಫೋಟೋ ತೆಗೆಸಿಕೊಳ್ಳುವ ಯುವಕರಿಗೆ ಆ ಅಂಕಿಗಳಲ್ಲಿ ಗಂಟೆ ಎಷ್ಟೆಂದು ಕೇಳಿ ನೋಡಿದೆ. ಅವರು ಮೊಬೈಲ್ ನೋಡಿ ಹೇಳಿದರು.

ವಾಹನ ನಿಲ್ಲಿಸುವ ಸಮಸ್ಯೆಯನ್ನು ಹೆಚ್ಚು ಬೆಳೆಸುವುದಿಲ್ಲ. ದಿವಾನ್ ರಂಗಾಚಾರ್ಲು ಅವರ ನೆನಪಿನ ಪುರಭವನದ ಅಂಗಳದಲ್ಲಿ ನೆಲದಡಿಯ ವಾಹನ ನಿಲ್ದಾಣದ ಕೆಲಸ ವರ್ಷಾನುಗಟ್ಟಲೆ ಕುಂಟಿದ್ದನ್ನು ಊರೆಲ್ಲ ಕಂಡಿದೆ; ಅಷ್ಟರಲ್ಲಿ ದೇವರಾಜ ಅರಸು ರಸ್ತೆಗೆ ಸೀರೆ ಕೊಳ್ಳಲು ಹೊರಟ ದಂಪತಿಗಳು ಮೂರು ಸುತ್ತು ಹಾಕಿ, ಜಾಗ ಕಾಣದೆ, ಜಗಳ ಕೊಂಡು ಮನೆಗೆ ಮರಳುವುದು ರೂಢಿಯಾಯಿತು.

ಇಷ್ಟಾದರೂ ಮಾರುಕಟ್ಟೆಗೆ ಜನ ಬರುತ್ತಲೇ ಇದ್ದಾರೆ. ಹಸಿರು, ನೀಲಿ, ಕಡು ನೇರಳೆ ಬಣ್ಣದ ಪುಡಿಗಳನ್ನು ಹಿತ್ತಾಳೆ ತಟ್ಟೆಗಳಲ್ಲಿ ಗೋಪುರದಂತೆ ಪೇರಿಸಿಟ್ಟ ಅಂಗಡಿಯ ಮುಂದೆ ವಿದೇಶದವರು ಮಂಡಿಯೂರಿ ಕ್ಯಾಮೆರಾ ಹಿಡಿದಿರುತ್ತಾರೆ. ನೀಲಿ ಕುಂಕುಮ ಇಟ್ಟುಕೊಂಡ ಒಬ್ಬ ಮೈಸೂರಿನ ಮುತ್ತೈದೆಯನ್ನೂ ನಾನು ಈವರೆಗೆ ಕಂಡಿಲ್ಲ. ಅಂಗಡಿಯಾತನೋ ಚಮಚದ ಬೆನ್ನಿನಿಂದ ಗೋಪುರದ ತುದಿಯನ್ನು ಆಗಾಗ ಸವರಿ ಚೂಪು ಮಾಡುತ್ತಿರುತ್ತಾನೆ. ಈ ಪೇಟೆಯಲ್ಲಿ ದಿನವೂ ತಪ್ಪದೆ ದುರಸ್ತಿಯಾಗುವ ಗೋಪುರಗಳು ಅವು ಮಾತ್ರ.

ಕಳೆದ ವಾರ ವೀಳ್ಯದೆಲೆ ಕೊಳ್ಳಲು ಹೋಗಿದ್ದಾಗ ಹುಬ್ಬಳ್ಳಿ ಕಡೆಯ ಕುಟುಂಬವೊಂದು ನನ್ನ ಕೈಗೆ ಮೊಬೈಲ್ ಕೊಟ್ಟು, "ಒಂದ್ ಫೋಟೋ ತಗೀರಿ ಸರ್, ಹಿಂದಿನ ಬಿರುಕು ಕಾಣಬಾರದ ನೋಡ್ರಿ" ಎಂದಿತು. ನಾನು ಎಡಕ್ಕೆ ಸರಿದೆ, ಬಲಕ್ಕೆ ಸರಿದೆ, ಹಿಂದಕ್ಕೆ ಸರಿಯುತ್ತ ಆಟೋ ಒಂದರ ಬೈಗುಳವನ್ನೂ ಕೇಳಿಸಿಕೊಂಡೆ. ಒಂದು ಕಡೆ ಬಿರುಕು, ಒಂದು ಕಡೆ ಅರಳಿ ಗಿಡ, ನಡುವೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್. ಪಕ್ಕದಲ್ಲಿ ಮಲ್ಲಿಗೆಯನ್ನು ಮೊಳ ಹಾಕುತ್ತಿದ್ದ ಹೂವಿನಮ್ಮ ತಲೆ ಎತ್ತದೆಯೇ ಹೇಳಿದಳು: "ವಸಿ ಮೇಲಕ್ಕೆ ಹಿಡೀರಿ ಸಾಮಿ, ಆಕಾಸ ಚೆನ್ನಾಗೈತೆ."