ಟಿಕ್ ಟಿಕ್‌ಗೆ ಹಾಫ್ ಎಂಜಿನ್

ನಾಲ್ಕು ದಿನದಿಂದ ನನ್ನ ಬೈಕು ಹೊಲಿಗೆ ಮಷಿನ್ ಥರ ಟಿಕ್ ಟಿಕ್ ಅಂತಿತ್ತು. ಪಿಕಪ್ ಚೆನ್ನಾಗಿದೆ, ಮೈಲೇಜ್ ಬಿದ್ದಿಲ್ಲ, ಬರೀ ಶಬ್ದ. ಕಂಪನಿ ಸರ್ವಿಸ್ ಸೆಂಟರ್‌ಗೇ ಹೋದೆ. ಟೈ ಕಟ್ಟಿದ ಅಡ್ವೈಸರ್ ಬಂದು ಎಕ್ಸಲೇಟರ್ ಎರಡು ಸಲ ತಿರುಗಿಸಿ, ಆಕಾಶ ನೋಡಿ, "ಬೋರ್, ಪಿಸ್ಟನ್ ಹೋಗಿದೆ ಸಾರ್, ಹಾಫ್ ಎಂಜಿನ್ ಮಾಡಿಸ್ಬೇಕು" ಅಂದರು. ಅಂದರೆ ಎಂಜಿನ್ ಬಿಚ್ಚಿ, ಪಿಸ್ಟನ್ನನ್ನೂ ಅದು ಓಡಾಡುವ ಸಿಲಿಂಡರನ್ನೂ (ಅದೇ ಬೋರ್) ಹೊಸದು ಮಾಡುವುದು. ನಾಡಿ ಹಿಡಿಯದೆ ಬೈಪಾಸ್ ಬರೆದುಕೊಟ್ಟ ಹಾಗೆ. ಎಸ್ಟಿಮೇಟ್ 9,400 ರೂಪಾಯಿ, ಜಿಎಸ್‌ಟಿ ಬೇರೆ.

ಬೋರ್ ಸವೆದಿದ್ದರೆ ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬರಬೇಕು, ಆಯಿಲ್ ಇಳಿಯಬೇಕು ಅಲ್ವಾ? ಡಿಪ್‌ಸ್ಟಿಕ್ ತೆಗೆದು ತೋರಿಸಿದೆ. ಆಯಿಲ್ ಮೇಲಿನ ಗೆರೆಯಲ್ಲೇ ಇತ್ತು. ಅವರು ಡಿಪ್‌ಸ್ಟಿಕ್ ನೋಡಲಿಲ್ಲ, ನನ್ನನ್ನು ನೋಡಿದರು. "ಹೊಗೆ ಬರೋವರೆಗೂ ಕಾದರೆ ಫುಲ್ ಎಂಜಿನ್ ಆಗುತ್ತೆ ಸಾರ್."

ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಚೆಕ್ ಮಾಡಿದ್ರಾ ಅಂದೆ. "ಸ್ಕ್ಯಾನರ್ ಹಾಕಿದೀವಲ್ಲ ಸಾರ್, ಬಿಎಸ್-6 ಗಾಡಿ." 2020ರಲ್ಲಿ ಬಿಎಸ್-6 ಹೊಗೆ ನಿಯಮ ಬಂದಾಗಿನಿಂದ ಈ ಸ್ಕ್ಯಾನರ್‌ಗೆ ಕಣಿ ಹೇಳುವ ಕೆಲಸವೂ ಸೇರಿಕೊಂಡಿದೆ. ಪಾಪ, ಅದಕ್ಕೆ ಸೆನ್ಸರ್ ಕೆಟ್ಟಿದ್ದು ಗೊತ್ತಾಗುತ್ತದೆ, ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವ್ ಮೇಲಿನ ಸಣ್ಣ ಸಂದು, ಜಾಸ್ತಿಯಾಗಿ ಟಿಕ್ ಟಿಕ್ ಅಂದಿದ್ದು ಗೊತ್ತಾಗುವುದಿಲ್ಲ. ಅದರಲ್ಲಿ ಒಂದೂ ಎರರ್ ಇರಲಿಲ್ಲ. ಎರರ್ ಇಲ್ಲ ಅಂದರೆ ಎಂಜಿನ್ ಒಳಗಿನ ತೊಂದರೆಯಂತೆ. ಇದ್ದಿದ್ದರೆ ಸೆನ್ಸರ್ ಬದಲಿಸಬೇಕಿತ್ತಂತೆ. ಹೇಗೆ ಬಿದ್ದರೂ ನನ್ನ ಜೇಬಿನ ಮೇಲೇ.

ಒಳಗೆ ಬಂದು ನೋಡಲಾ ಅಂದರೆ ಗಾಜಿನ ಮೇಲೆ 'ಗ್ರಾಹಕರಿಗೆ ಪ್ರವೇಶವಿಲ್ಲ'. ಈಚೆ ಸೋಫಾ, ಟಿವಿ, ಸಕ್ಕರೆ ಪಾಕದಂಥ ಮಷಿನ್ ಕಾಫಿ. ಎಂಜಿನ್ ಕೆಲಸ ಬೇಡ ಅಂದಿದ್ದಕ್ಕೂ ಬಿಲ್ ಬಂತು: ಪಾಲಿಶ್, ಆಂಟಿ ರಸ್ಟ್ ಕೋಟಿಂಗ್, ಜೊತೆಗೆ 'ಕನ್ಸ್ಯೂಮಬಲ್ಸ್' 85 ರೂಪಾಯಿ. ಏನದು ಅಂತ ಕೇಳಿದೆ. ಒರೆಸುವ ಬಟ್ಟೆಯಂತೆ.

ಮನೆ ಹತ್ತಿರದ ಗ್ಯಾರೇಜಿನವರು ಸಂಜೆ ಗಾಡಿ ಬಿಚ್ಚಲೇ ಇಲ್ಲ. "ಎಂಜಿನ್ ಬಿಸಿ ಇದೆ, ರಾತ್ರಿ ಇಲ್ಲೇ ಬಿಟ್ಟೋಗಿ" ಅಂದರು. ಬೆಳಿಗ್ಗೆ ತಣ್ಣಗಾದ ಮೇಲೆ ಕವರ್ ಬಿಚ್ಚಿ, ಪಿಸ್ಟನ್ನು ಪೂರ್ತಿ ಮೇಲಕ್ಕೆ ತಂದು, ಸಂದು ಅಳೆಯುವ, ಬ್ಲೇಡಿನಷ್ಟು ತೆಳ್ಳಗಿನ ಫೀಲರ್ ಗೇಜ್ ತೂರಿಸಿ ಟ್ಯಾಪೆಟ್ ಟೈಟ್ ಮಾಡಿದರು, ಮತ್ತೆ ತೂರಿಸಿದರು, ಸ್ವಲ್ಪ ಲೂಸ್ ಮಾಡಿದರು. 250 ರೂಪಾಯಿ.

ಮಧ್ಯಾಹ್ನ ಸರ್ವಿಸ್ ಸೆಂಟರ್‌ನಿಂದ ಫೋನ್.

"ಶಬ್ದ ಹೋಯ್ತಾ ಸಾರ್?"

ಹೋಯ್ತು ಅಂದೆ.

"ಥ್ಯಾಂಕ್ಯೂ ಸಾರ್. ಕಂಪನಿಯಿಂದ ಕಾಲ್ ಬಂದ್ರೆ 10ಕ್ಕೆ 10 ಅಂತ ಹೇಳ್ಬಿಡಿ. 9 ಅಂದ್ರೆ ನಮಗೆ ಫೇಲ್ ಲೆಕ್ಕ."